ಸಿವಿಪಿ 14 ಅಂದ್ರೆ ಏನರ್ಥ? ಐಸಿಯು ಪೋಸ್ಟಿಂಗ್‌ಗೆ ಹೋಗುವವರಿಗೆ

ಐಸಿಯು ಪೋಸ್ಟಿಂಗ್‌ನ ಮೊದಲ ವಾರ. ರೌಂಡ್ಸ್‌ನಲ್ಲಿ ಮೇಡಂ ಮಾನಿಟರ್ ಕಡೆ ಕೈ ತೋರಿಸಿ, "ಸಿವಿಪಿ 14 ಇದೆ. ಏನರ್ಥ?" ಅಂತ ಕೇಳಿದರು. ನಾನು ಹಿಂದೆಮುಂದೆ ನೋಡದೆ "ಫ್ಲೂಯಿಡ್ ಜಾಸ್ತಿ ಆಗಿದೆ ಮೇಡಂ" ಅಂದೆ.

"ಇವರ ಶ್ವಾಸಕೋಶಕ್ಕೆ ಹೋಗೋ ರಕ್ತನಾಳದಲ್ಲಿ ಕ್ಲಾಟ್ ಕೂತಿದೆ. ಬೆಳಗ್ಗೆಯಿಂದ ಹೋಗಿರೋದು ಅರ್ಧ ಬಾಟಲಿ ಡ್ರಿಪ್. ಜಾಸ್ತಿ ಆಗಿದ್ದು ಎಲ್ಲಿಂದಪ್ಪಾ?"

ಉತ್ತರ ಹೊಳೆಯಲಿಲ್ಲ. ಆಮೇಲೆ ಕೂತು ಓದಿ, ಬೆಡ್ ಪಕ್ಕ ನಿಂತು ನೋಡಿ ಅರ್ಥ ಮಾಡಿಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಿವಿಪಿ ಅಂದರೆ ಸೆಂಟ್ರಲ್ ವೀನಸ್ ಪ್ರೆಶರ್. ಮೈಯೆಲ್ಲ ಸುತ್ತಿ ಬಂದ ರಕ್ತ ಮಹಾಸಿರೆಗಳ ಮೂಲಕ ಹೃದಯದ ಬಲ ಹೃತ್ಕರ್ಣಕ್ಕೆ, ಅಂದರೆ ಬಲಗಡೆಯ ಮೇಲಿನ ಕೋಣೆಗೆ ಸೇರುತ್ತದಲ್ಲ, ಅಲ್ಲಿರುವ ಒತ್ತಡ. ಆರಾಮಾಗಿ ಮಲಗಿ ಉಸಿರಾಡುತ್ತಿರುವ ಮನುಷ್ಯನಲ್ಲಿ ಸುಮಾರು 2ರಿಂದ 6 ಎಂಎಂ ಪಾದರಸ. ಬಿಪಿಯ 120ರ ಮುಂದೆ ಇದು ಏನೇನೂ ಅಲ್ಲ. ಅದಕ್ಕೇ ಅಳೆಯುವಾಗ ಸಣ್ಣ ತಪ್ಪಾದರೂ ಲೆಕ್ಕ ಪೂರ್ತಿ ಕೆಡುತ್ತದೆ.

ಈಗ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ನೆನಪಿಸಿಕೊಳ್ಳಿ. ಪ್ಲಾಟ್‌ಫಾರ್ಮ್ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಜನ. ಯಾಕೆ? ಹಬ್ಬಕ್ಕೆ ಊರಿಗೆ ಹೊರಟವರು ಜಾಸ್ತಿ ಬಂದಿರಬಹುದು. ಅಥವಾ ಎಂದಿನಷ್ಟೇ ಜನ ಬಂದಿದ್ದಾರೆ, ಬಸ್ಸೇ ಹೊರಟಿಲ್ಲ. ಬರೀ ಗುಂಪು ನೋಡಿ ಯಾವುದೆಂದು ಹೇಳಲಾಗದು. ಸಿವಿಪಿ ಆ ಪ್ಲಾಟ್‌ಫಾರ್ಮ್‌ನ ನೂಕುನುಗ್ಗಲು. ವಾಪಸ್ ಬರುವ ರಕ್ತ ಎಷ್ಟು, ಅದನ್ನು ಮುಂದಕ್ಕೆ ತಳ್ಳುವ ಶಕ್ತಿ ಬಲ ಹೃದಯಕ್ಕೆ ಎಷ್ಟಿದೆ, ಎರಡೂ ಸೇರಿ ಆ ಒಂದು ಅಂಕಿ ಬರುತ್ತದೆ. ನಮ್ಮ ಪೇಷಂಟ್‌ನ ಕಥೆ ಎರಡನೆಯದು. ಕ್ಲಾಟ್ ದಾರಿ ಕಟ್ಟಿದೆ, ಬಸ್ ಹೊರಟಿಲ್ಲ.

ಇದನ್ನು ಗಣಿತಕ್ಕೆ ಇಳಿಸಿದವರು ಅಮೆರಿಕದ ಶರೀರಶಾಸ್ತ್ರಜ್ಞ ಆರ್ಥರ್ ಗೈಟನ್, 1950ರ ದಶಕದಲ್ಲಿ. ಹೃದಯ ನಿಂತು, ರಕ್ತನಾಳಗಳಲ್ಲೆಲ್ಲ ಒತ್ತಡ ಒಂದೇ ಸಮ ಆದಾಗ ಉಳಿಯುವುದು ಸುಮಾರು 7 ಎಂಎಂ. ರಕ್ತವನ್ನು ಹೃದಯದ ಕಡೆ ದೂಡುವ ಒತ್ತಡ ಇದೇ. ಹೃತ್ಕರ್ಣದಲ್ಲಿ ಒತ್ತಡ ಏರಿದಷ್ಟೂ ಬರುವ ರಕ್ತಕ್ಕೆ ಅದು ಎದುರು ನಿಲ್ಲುತ್ತದೆ. ಅಂದರೆ ಸಿವಿಪಿ ಕಡಿಮೆ ಇರುವುದು ರೋಗವೇನಲ್ಲ. ಚೆನ್ನಾಗಿ ಕೆಲಸ ಮಾಡುವ ಹೃದಯ ಅದನ್ನು ಕಡಿಮೆಯೇ ಇಟ್ಟುಕೊಳ್ಳುತ್ತದೆ. ನನಗೆ ಇದು ತಲೆಗೆ ಹೋಗಲು ಸುಮಾರು ದಿನ ಬೇಕಾಯಿತು.

ಇನ್ನು ಅಳೆಯುವ ವಿಷಯ. ನಾವು ಎಡವುವುದು ಇಲ್ಲೇ. ಕುತ್ತಿಗೆಯ ಅಥವಾ ಕಾಲರ್ ಮೂಳೆ ಕೆಳಗಿನ ಸಿರೆಯಲ್ಲಿ ಲೈನ್ (ತೆಳು ಕೊಳವೆ) ಹಾಕಿ, ಅದರ ತುದಿಯನ್ನು ಹೃತ್ಕರ್ಣದ ಬಾಗಿಲ ಹತ್ತಿರ ನಿಲ್ಲಿಸುತ್ತಾರೆ. ಹೊರಗಿನ ತುದಿಗೆ ಟ್ರಾನ್ಸ್‌ಡ್ಯೂಸರ್, ಅಂದರೆ ಒತ್ತಡವನ್ನು ಮಾನಿಟರ್‌ಗೆ ಸಿಗ್ನಲ್ ಆಗಿ ಕಳಿಸುವ ಸಾಧನ. ಅದು ಹೃದಯದ ಮಟ್ಟದಲ್ಲೇ ಇರಬೇಕು. ನಾಲ್ಕನೇ ಪಕ್ಕೆಲುಬಿನ ಸಂದು, ಕಂಕುಳ ನಡುಗೆರೆ, ಇವೆರಡು ಕೂಡುವ ಜಾಗ. ಪೆನ್ನಲ್ಲಿ ಗುರುತು ಹಾಕಿಬಿಡಿ, ನಾಚಿಕೆ ಬೇಡ.

ಒಂದು ನೈಟ್ ಡ್ಯೂಟಿಯಲ್ಲಿ ಸಿವಿಪಿ 6 ಇದ್ದದ್ದು ಇದ್ದಕ್ಕಿದ್ದಂತೆ 17 ಆಯಿತು. ನನ್ನ ಎದೆ ಧಸಕ್ಕೆಂದಿತು. ನೀರು ಇಳಿಸುವ ಇಂಜೆಕ್ಷನ್ ಕೈಗೆತ್ತಿಕೊಂಡಿದ್ದೆ. ಸಿಸ್ಟರ್ ಒಮ್ಮೆ ಬೆಡ್ ನೋಡಿದರು, ಒಮ್ಮೆ ಸ್ಟ್ಯಾಂಡ್ ನೋಡಿದರು. "ಡಾಕ್ಟ್ರೇ, ಶೀಟ್ ಬದಲಾಯಿಸೋಕೆ ಬೆಡ್ ಎತ್ತರ ಮಾಡಿದ್ವಿ. ಟ್ರಾನ್ಸ್‌ಡ್ಯೂಸರ್ ಸ್ಟ್ಯಾಂಡಲ್ಲೇ ಇದೆ" ಅಂದರು. ಅಳೆದೆವು, 15 ಸೆಂ.ಮೀ. 1 ಎಂಎಂ ಪಾದರಸ ಅಂದರೆ 1.36 ಸೆಂ.ಮೀ. ನೀರು. 15ನ್ನು 1.36ರಿಂದ ಭಾಗಿಸಿದರೆ 11. ಆರಕ್ಕೆ ಹನ್ನೊಂದು ಸೇರಿಸಿದರೆ ಹದಿನೇಳು! ಪೇಷಂಟ್ ಒಳಗೆ ಏನೂ ಬದಲಾಗಿರಲಿಲ್ಲ. ಇಂಜೆಕ್ಷನ್ ವಾಪಸ್ ಟ್ರೇಗೆ ಹೋಯಿತು.

ಉಸಿರಿನ ಕಡೆಗೂ ಗಮನ ಇರಲಿ. ತಾನಾಗಿ ಉಸಿರೆಳೆದುಕೊಂಡಾಗ ಎದೆಯೊಳಗಿನ ಒತ್ತಡ ಇಳಿಯುತ್ತದೆ, ಸಿವಿಪಿಯೂ ಇಳಿಯುತ್ತದೆ. ವೆಂಟಿಲೇಟರ್ ಗಾಳಿ ತಳ್ಳಿದಾಗ ಉಲ್ಟಾ. ಅದಕ್ಕೇ ಇಬ್ಬರಲ್ಲೂ ಉಸಿರು ಬಿಟ್ಟು ಮುಗಿದ ಹೊತ್ತಿಗೆ ಓದಬೇಕು. ಮಾನಿಟರ್ ತೋರಿಸುವ ಸರಾಸರಿ ಅಂಕಿಯನ್ನು ಸುಮ್ನೆ ಬರೆದುಕೊಳ್ಳಬೇಡಿ.

ಅಂಕಿಗಿಂತ ಮಾನಿಟರ್ ಮೇಲೆ ಓಡುವ ಸಿವಿಪಿ ಅಲೆಗಳು ಜಾಸ್ತಿ ಮಾತಾಡುತ್ತವೆ ಅನ್ನೋದು ನನ್ನ ಅನುಭವ. ಹೃತ್ಕರ್ಣ ಹಿಂಡಿದಾಗ ಏಳುವುದು ಎ ಅಲೆ. ಕೆಳಗಿನ ಕೋಣೆ ಹಿಂಡಲು ಶುರುಮಾಡಿ, ಎರಡು ಕೋಣೆಗಳ ನಡುವಿನ ಮುಚ್ಚಿದ ಟ್ರೈಕಸ್ಪಿಡ್ ಕವಾಟ ಮೇಲಕ್ಕೆ ಉಬ್ಬಿದರೆ ಸಿ. ಆಮೇಲೆ ಎಕ್ಸ್ ಇಳಿತ. ಕವಾಟ ಮುಚ್ಚಿರುವಾಗಲೇ ರಕ್ತ ತುಂಬುತ್ತಾ ಬಂದಾಗ ವಿ. ಕವಾಟ ತೆರೆದು ರಕ್ತ ಕೆಳಗಿಳಿದರೆ ವೈ ಇಳಿತ. ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಹೃತ್ಕರ್ಣ ಬರೀ ನಡುಗುತ್ತದೆ, ಹಿಂಡುವುದೇ ಇಲ್ಲ, ಎ ಮಾಯ. ಪೂರ್ತಿ ಹಾರ್ಟ್ ಬ್ಲಾಕ್‌ನಲ್ಲಿ ಮೇಲಿನ ಕೋಣೆ, ಕೆಳಗಿನ ಕೋಣೆಗೆ ತಾಳ ತಪ್ಪಿ, ಹೃತ್ಕರ್ಣ ಕೆಲವೊಮ್ಮೆ ಮುಚ್ಚಿದ ಕವಾಟದ ವಿರುದ್ಧ ಹಿಂಡುತ್ತದೆ, ಆಗ ಎ ಫಿರಂಗಿಯ ಹಾಗೆ ಎದ್ದು ಬರುತ್ತದೆ. ಟ್ರೈಕಸ್ಪಿಡ್ ಕವಾಟ ಸೋರುತ್ತಿದ್ದರೆ ದೊಡ್ಡ ವಿ. ಹೃದಯದ ಸುತ್ತ ನೀರು ತುಂಬಿ ಟ್ಯಾಂಪೊನಾಡ್ ಆದರೆ ವೈ ಇಳಿತ ಚಪ್ಪಟೆ. ವೈವಾದಲ್ಲಿ ಕೊನೆಯದನ್ನು ಕೇಳಿಯೇ ಕೇಳುತ್ತಾರೆ.

ಹಾಗಾದರೆ "ಸಿವಿಪಿ 8 ದಾಟುವವರೆಗೆ ಡ್ರಿಪ್ ಕೊಡಿ" ಅನ್ನುವ ಮಾತು ಎಲ್ಲಿಂದ ಬಂತು? 2001ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಇಮ್ಯಾನುಯೆಲ್ ರಿವರ್ಸ್ ಅನ್ನುವ ವೈದ್ಯರ ತಂಡ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳು ಕೆಡುವ ಸ್ಥಿತಿ) ರೋಗಿಗಳ ಮೇಲೆ ಒಂದು ಅಧ್ಯಯನ ಮಾಡಿತು. ಮೊದಲ ಆರು ಗಂಟೆಯಲ್ಲಿ ಸಿವಿಪಿ 8ರಿಂದ 12ಕ್ಕೆ ತರುವುದು ಅದರ ಗುರಿಗಳಲ್ಲಿ ಒಂದು. ಸಾವು ಶೇ. 46.5ರಿಂದ ಶೇ. 30.5ಕ್ಕೆ ಇಳಿಯಿತು. ಜಗತ್ತೆಲ್ಲ ಅದನ್ನೇ ಹಿಡಿದುಕೊಂಡಿತು. 2014, 2015ರಲ್ಲಿ ಅಮೆರಿಕ, ಆಸ್ಟ್ರೇಲಿಯಾ, ಇಂಗ್ಲೆಂಡ್ ಕಡೆಯ ಮೂರು ದೊಡ್ಡ ಪರೀಕ್ಷೆಗಳಲ್ಲಿ ಆ ಲಾಭ ಕಾಣಲಿಲ್ಲ. ರಿವರ್ಸ್ ತಂಡದ ಕೆಲಸ ದಂಡವಾಯಿತು ಅಂತಲ್ಲ. ಸೆಪ್ಸಿಸ್ಸನ್ನು ಬೇಗ ಗುರುತಿಸಿ ಆಂಟಿಬಯೋಟಿಕ್, ಫ್ಲೂಯಿಡ್ ಶುರುಮಾಡುವುದು ಅಷ್ಟರಲ್ಲಿ ಎಲ್ಲ ಕಡೆ ರೂಢಿಯಾಗಿತ್ತು.

ಇದಕ್ಕೂ ಮುಂಚೆ, 2008ರಲ್ಲಿ, ಪಾಲ್ ಮಾರಿಕ್ ಮತ್ತು ಸಂಗಡಿಗರು 24 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಡ್ರಿಪ್ ಕೊಟ್ಟರೆ ಹೃದಯ ಜಾಸ್ತಿ ರಕ್ತ ಪಂಪ್ ಮಾಡುತ್ತದಾ ಅಂತ ಸಿವಿಪಿ ನೋಡಿ ಹೇಳುವುದು ನಾಣ್ಯ ಚಿಮ್ಮಿದಷ್ಟೇ ಗ್ಯಾರಂಟಿ ಅನ್ನುವ ಹಾಗಿತ್ತು ಫಲಿತಾಂಶ. ತಮಾಷೆ ಅಂದರೆ, ರಕ್ತದ ಪ್ರಮಾಣಕ್ಕೆ ತಕ್ಕಂತೆ ಸಿವಿಪಿ ಏರಿಳಿದದ್ದು ಅವರಿಗೆ ಕಂಡದ್ದು ಒಂದೇ ಅಧ್ಯಯನದಲ್ಲಿ, ಅದೂ ನಿಂತಿದ್ದ ಏಳು ಹೆಣ್ಣು ಕುದುರೆಗಳಲ್ಲಿ! ಡ್ರಿಪ್ ಕೊಡಬೇಕಾ ಬೇಡವಾ ಅನ್ನುವುದಕ್ಕೆ ಈಗ ರೋಗಿಯ ಎರಡೂ ಕಾಲು ಎತ್ತಿ, ಹೃದಯ ಪಂಪ್ ಮಾಡುವ ರಕ್ತ ಜಾಸ್ತಿ ಆಗುತ್ತದಾ ಅಂತ ನೋಡುತ್ತಾರೆ. ಕಾಲಿನ ರಕ್ತವೇ ಪುಕ್ಕಟೆ ಬಾಟಲಿ. ಇಳಿಸಿದರೆ ವಾಪಸ್ ಹೋಗುತ್ತದೆ.

ಹಾಗಂತ ಸಿವಿಪಿಯನ್ನು ಮೂಲೆಗೆ ಎಸೆಯಬೇಡಿ. ಪ್ಲಾಟ್‌ಫಾರ್ಮ್ ತುಂಬಿದರೆ ಹಿಂದಿನ ರಸ್ತೆಯೂ ಜಾಮ್ ಆಗುತ್ತದೆ, ಅಲ್ವಾ? ಕಿಡ್ನಿಗೆ ರಕ್ತ ತಳ್ಳುವ ಒತ್ತಡವೆಂದರೆ ಹೆಚ್ಚುಕಡಿಮೆ ಸರಾಸರಿ ಬಿಪಿಯಲ್ಲಿ ಸಿವಿಪಿ ಕಳೆದದ್ದು. ಸರಾಸರಿ ಬಿಪಿ 65 ಇದೆ, ಸಿವಿಪಿ 5 ಇದ್ದರೆ 60 ಸಿಗುತ್ತದೆ. 20 ಇದ್ದರೆ ಬರೀ 45. ಹಾರ್ಟ್ ಫೇಲ್ಯೂರ್‌ನಲ್ಲಿ ಯೂರಿನ್ ಕಡಿಮೆಯಾದಾಗ ಇನ್ನೊಂದು ಬಾಟಲಿ ನೇತುಹಾಕುವ ಮುಂಚೆ ಈ ಕಳೆಯುವ ಲೆಕ್ಕ ಮಾಡಿ. ಲಿವರ್ ಆಪರೇಷನ್‌ನಲ್ಲಿ ಅರಿವಳಿಕೆ ತಜ್ಞರು ಬೇಕಂತಲೇ ಸಿವಿಪಿಯನ್ನು 5ರ ಕೆಳಗೆ ಇಡುವುದೂ ಇದೇ ಕಾರಣಕ್ಕೆ. ಹಿಂದಿನ ಒತ್ತಡ ಇಳಿದರೆ ಲಿವರ್ ಕೊಯ್ದ ಜಾಗದ ಸಿರೆಗಳಿಂದ ರಕ್ತ ಕಡಿಮೆ ಸುರಿಯುತ್ತದೆ.

ಲೈನ್ ಇಲ್ಲದವರಲ್ಲಿ? ಕುತ್ತಿಗೆ ಇದೆಯಲ್ಲ. 45 ಡಿಗ್ರಿ ಒರಗಿಸಿ, ಬಲಗಡೆ ಸಿರೆಯ ಮಿಡಿತ ಎಲ್ಲಿಯವರೆಗೆ ಕಾಣುತ್ತದೆ ನೋಡಿ. ಎದೆಮೂಳೆಯ ಮೇಲಿನ ಉಬ್ಬಿನಿಂದ ನೇರ ಎಷ್ಟು ಎತ್ತರ ಅಂತ ಸ್ಕೇಲ್ ಹಿಡಿದು ಅಳೆಯಿರಿ. ಆ ಉಬ್ಬಿನಿಂದ ಹೃತ್ಕರ್ಣದ ನಡುಭಾಗ 5 ಸೆಂ.ಮೀ. ಕೆಳಗಿದೆ ಅಂತ ಹಿಡಿಯುತ್ತಾರೆ. ಅಳತೆ 6 ಬಂದರೆ, ಐದು ಸೇರಿಸಿ 11 ಸೆಂ.ಮೀ. ನೀರು, ಅಂದರೆ ಸುಮಾರು 8 ಎಂಎಂ ಪಾದರಸ. ಬೆಳಕು ಪಕ್ಕದಿಂದ ಬೀಳುವಂತೆ ಟಾರ್ಚ್ ಹಿಡಿಯಿರಿ, ಮಿಡಿತ ಬೇಗ ಸಿಗುತ್ತದೆ.