ಮೋಡೆಮ್ ಸ್ಕ್ರಿಪ್ಟಿನಲ್ಲಿ ‘ಲಾಗಿನ್’ ಪದದ ಮೊದಲ ಅಕ್ಷರ ಏಕಿರುವುದಿಲ್ಲ?

ಓದುಗರ ಪ್ರಶ್ನೆ: ನಮ್ಮ ಕಚೇರಿಯ ಹಳೆಯ ಲಿನಕ್ಸ್ ಕಂಪ್ಯೂಟರ್ ಇಂದಿಗೂ ದೂರವಾಣಿ ಮೋಡೆಮ್ ಮೂಲಕ ಇನ್ನೊಂದು ಊರಿನಲ್ಲಿರುವ ಯಂತ್ರಕ್ಕೆ ಡಯಲ್ ಮಾಡುತ್ತದೆ. ಅದರ ಸ್ಕ್ರಿಪ್ಟ್ ತೆರೆದು ನೋಡಿದರೆ ‘ಲಾಗಿನ್’ ಎಂಬಲ್ಲಿ ಇಂಗ್ಲಿಷಿನ ‘ಎಲ್’ ಅಕ್ಷರವೇ ಇಲ್ಲ, ‘ಪಾಸ್‌ವರ್ಡ್’ ಎಂಬಲ್ಲಿ ‘ಪಿ’ ಇಲ್ಲ. ಇದು ಬೆರಳಚ್ಚಿನ ತಪ್ಪೇ? ತಿದ್ದಬಹುದೇ?

ತಪ್ಪಲ್ಲ, ದಯವಿಟ್ಟು ತಿದ್ದಬೇಡಿ. ಸ್ಕ್ರಿಪ್ಟ್ ಬರೆದವರು ಆ ಅಕ್ಷರಗಳನ್ನು ಬೇಕೆಂದೇ ಬಿಟ್ಟಿದ್ದಾರೆ.

ಲಿನಕ್ಸ್‌ನಲ್ಲಿ ಡಯಲ್‌ಅಪ್ ಸಂಪರ್ಕವನ್ನು ನಡೆಸುವುದು ಪಿಪಿಪಿಡಿ ಎಂಬ ಪ್ರೋಗ್ರಾಂ. ಆದರೆ ಸಂಖ್ಯೆ ಒತ್ತಿ, ಆಚೆಯ ಯಂತ್ರದೊಡನೆ ಮಾತಾಡಿ, ಹೆಸರು ಹೇಳಿ ಒಳಗೆ ಹೋಗುವವರೆಗಿನ ಕೆಲಸವನ್ನು ಅದು ಚಾಟ್ ಎಂಬ ಇನ್ನೊಂದು ಪುಟ್ಟ ಪ್ರೋಗ್ರಾಂಗೆ ಬಿಟ್ಟಿರುತ್ತದೆ. ಚಾಟ್ ಓದುವ ಸ್ಕ್ರಿಪ್ಟ್ ಎಂದರೆ ಜೋಡಿ ಪದಗಳ ಸರಣಿ: ಮೊದಲನೆಯದು ಬರುವ ತನಕ ಕಾಯಬೇಕು, ಬಂದೊಡನೆ ಎರಡನೆಯದನ್ನು ಕಳಿಸಬೇಕು. ‘ಎಟಿಝಡ್’ ಕಳಿಸಿದರೆ ಮೋಡೆಮ್ ತನ್ನ ಮೂಲ ಸ್ಥಿತಿಗೆ ಮರಳಿ ‘ಓಕೆ’ ಎನ್ನುತ್ತದೆ. ‘ಓಕೆ’ ಕಂಡ ಮೇಲೆ ‘ಎಟಿಡಿಟಿ’ ಮತ್ತು ದೂರವಾಣಿ ಸಂಖ್ಯೆ ಹೋಗುತ್ತದೆ. ಎರಡು ಮೋಡೆಮ್‌ಗಳು ಹೊಂದಿಕೊಂಡ ಮೇಲೆ ‘ಕನೆಕ್ಟ್’ ಬರುತ್ತದೆ. ಎಟಿ ಎಂದು ಆರಂಭವಾಗುವ ಈ ಆಜ್ಞೆಗಳು 1981ರ ಹೇಯ್ಸ್ ಸ್ಮಾರ್ಟ್‌ಮೋಡೆಮ್‌ನಿಂದ ಬಂದವು.

ಚಾಟ್‌ಗೆ ಪದಗಳ ಅರ್ಥ ತಿಳಿಯದು. ಬರುತ್ತಿರುವ ಅಕ್ಷರಗಳ ಸಾಲಿನಲ್ಲಿ ತನಗೆ ಹೇಳಿದ ತುಣುಕು ಇದ್ದ ಹಾಗೆಯೇ ಕಾಣುತ್ತದೆಯೇ ಎಂದಷ್ಟೇ ಅದು ನೋಡುತ್ತದೆ, ಮತ್ತು ಅದಕ್ಕೆ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ. ಒಂದು ಯಂತ್ರ ದೊಡ್ಡ ‘ಎಲ್’ನಿಂದ ಲಾಗಿನ್ ಎಂದು ಕೇಳಿದರೆ ಮತ್ತೊಂದು ಚಿಕ್ಕ ‘ಎಲ್’ನಿಂದ ಕೇಳುತ್ತದೆ, ಉಳಿದ ನಾಲ್ಕು ಅಕ್ಷರಗಳು ಮಾತ್ರ ಎರಡರಲ್ಲೂ ಒಂದೇ. ಇದಕ್ಕಿಂತ ತೂಕದ ಕಾರಣ ಇನ್ನೊಂದಿದೆ. ತಂತಿಯಲ್ಲಿ ಗದ್ದಲವಿದ್ದಾಗ, ಅದರಲ್ಲೂ ‘ಕನೆಕ್ಟ್’ ಬಂದ ಮರುಗಳಿಗೆಯಲ್ಲಿ, ಮೊದಲ ಅಕ್ಷರ ಕೆಟ್ಟು ಇನ್ನೇನೋ ಆಗಿ ಬರುವುದುಂಟು. ಕೆಡುವ ಸಾಧ್ಯತೆಯಿರುವ ಆ ಒಂದು ಅಕ್ಷರವನ್ನು ನೆಚ್ಚದಿದ್ದರೆ ಸ್ಕ್ರಿಪ್ಟ್ ಬದುಕಿಕೊಳ್ಳುತ್ತದೆ.

ತಲೆ ಬಿಡಬಹುದು, ಬಾಲ ಬಿಡಬಾರದು. ಲಾಗಿನ್ ಪದದ ಕೊನೆಯಲ್ಲಿರುವ ವಿವರಣ ಚಿಹ್ನೆ, ಅಂದರೆ ಒಂದರ ಮೇಲೊಂದು ಇರುವ ಎರಡು ಚುಕ್ಕಿ, ಅನಗತ್ಯವೆಂದು ನಾನು ಒಮ್ಮೆ ಅಳಿಸಿದ್ದೆ. ಆಚೆಯ ಯಂತ್ರವು ಹೆಸರು ಕೇಳುವ ಮೊದಲು ‘ಅನುಮತಿಯಿಲ್ಲದವರು ಲಾಗಿನ್ ಆಗಬಾರದು’ ಎಂಬರ್ಥದ ಎಚ್ಚರಿಕೆಯ ಸಾಲೊಂದನ್ನು ತೋರಿಸುತ್ತಿತ್ತು. ಆ ಸಾಲಿನಲ್ಲಿದ್ದ ಲಾಗಿನ್ ಪದವನ್ನೇ ಪ್ರಶ್ನೆಯೆಂದು ತಿಳಿದ ಚಾಟ್, ಕೇಳುವ ಮುನ್ನವೇ ಹೆಸರು ಕಳಿಸಿಬಿಟ್ಟಿತು. ನಿಜವಾದ ಪ್ರಶ್ನೆ ಬಂದಾಗ ಅದು ಪಾಸ್‌ವರ್ಡ್‌ಗಾಗಿ ಕಾಯುತ್ತ ಕುಳಿತಿತ್ತು. ಇಡೀ ರಾತ್ರಿ ಹತ್ತಾರು ಕರೆಗಳ ದುಡ್ಡು ಹೋದ ಮೇಲೆ ಆ ಎರಡು ಚುಕ್ಕಿಗಳ ಬೆಲೆ ನನಗೆ ತಿಳಿಯಿತು.

ನಿಮ್ಮ ಸ್ಕ್ರಿಪ್ಟಿನಲ್ಲಿ ಅದೇ ತುಣುಕು ಎರಡು ಸಲ ಬಂದು, ನಡುವೆ ಎರಡು ಅಡ್ಡಗೆರೆಗಳಿದ್ದರೆ ಅದನ್ನೂ ಮುಟ್ಟಬೇಡಿ. ನಿಗದಿತ ಸಮಯದಲ್ಲಿ ಪ್ರಶ್ನೆ ಬಾರದಿದ್ದರೆ ಒಂದು ಖಾಲಿ ಎಂಟರ್ ಒತ್ತಿ ಮತ್ತೊಮ್ಮೆ ಕಾಯಬೇಕೆಂದು ಅದರ ಅರ್ಥ. ಸುಮ್ಮನೆ ಕುಳಿತ ಯಂತ್ರ ಆ ಎಂಟರ್‌ನಿಂದ ಎಚ್ಚೆತ್ತು ಮತ್ತೆ ಕೇಳುತ್ತದೆ. ಸಮಯವನ್ನು ನೀವು ಹೇಳದಿದ್ದರೆ ಚಾಟ್ 45 ಸೆಕೆಂಡ್ ಕಾಯುತ್ತದೆ. ಕರೆ ಹೋಗಿ, ರಿಂಗ್ ಆಗಿ, ಮೋಡೆಮ್‌ಗಳು ಹೊಂದಿಕೊಳ್ಳಲು ಇದು ಕೆಲವೊಮ್ಮೆ ಸಾಲದು. ಡಯಲ್ ಮಾಡುವ ಹಂತದಲ್ಲಿ 60 ಇಡುವುದು ಕ್ಷೇಮ.

ನೀವು ಏನಾದರೂ ಬದಲಿಸಲೇಬೇಕೆಂದಿದ್ದರೆ, ಸ್ಕ್ರಿಪ್ಟಿನ ಆರಂಭದಲ್ಲಿರುವ ‘ಅಬಾರ್ಟ್’ ಸಾಲುಗಳನ್ನು ನೋಡಿ. ‘ಬ್ಯುಸಿ’, ‘ನೋ ಕ್ಯಾರಿಯರ್’ ಮುಂತಾದ ಉತ್ತರ ಬಂದರೆ ಕಾಯದೆ ಕೂಡಲೇ ನಿಲ್ಲಿಸು ಎಂದು ಅವು ಹೇಳುತ್ತವೆ. ‘ಡಯಲ್‌ಟೋನ್’ ಎಂಬುದನ್ನು ಕೆಲವು ಮೋಡೆಮ್‌ಗಳು ಒಂದೇ ಪದವಾಗಿ, ಕೆಲವು ಬಿಡಿಸಿ ಎರಡು ಪದವಾಗಿ ಬರೆಯುವುದರಿಂದ ಎರಡೂ ರೂಪಗಳನ್ನು ಸೇರಿಸಬೇಕು. ಈ ಸಾಲುಗಳ ಕ್ರಮವೂ ಉಪಯೋಗಕ್ಕೆ ಬರುತ್ತದೆ: ಚಾಟ್ ಸಮಯ ಮೀರಿ ನಿಂತರೆ ಅದರ ನಿರ್ಗಮನ ಸಂಖ್ಯೆ (ಪ್ರೋಗ್ರಾಂ ಮುಗಿಯುವಾಗ ಏನಾಯಿತೆಂದು ತಿಳಿಸಲು ಬಿಟ್ಟುಹೋಗುವ ಅಂಕಿ) 3, ಮೊದಲ ಅಬಾರ್ಟ್ ಪದದಿಂದ ನಿಂತರೆ 4, ಎರಡನೆಯದರಿಂದ 5. ಮಧ್ಯರಾತ್ರಿ ತಾನಾಗಿಯೇ ಡಯಲ್ ಮಾಡುವ ಯಂತ್ರ ಬೆಳಿಗ್ಗೆ 4 ತೋರಿಸಿದರೆ, ನಿಮ್ಮ ಮೊದಲ ಸಾಲು ‘ಬ್ಯುಸಿ’ ಆಗಿದ್ದಲ್ಲಿ, ಆಚೆಯ ಫೋನು ಬಿಡುವಿರಲಿಲ್ಲವೆಂದು ಯಾರನ್ನೂ ಕೇಳದೆ ತಿಳಿಯುತ್ತದೆ.

ಆಚೆಯ ಯಂತ್ರ ಲಾಗಿನ್ ಕೇಳುವುದನ್ನೇ ನಿಲ್ಲಿಸಿ, ಪ್ಯಾಪ್ ಅಥವಾ ಚಾಪ್ ವಿಧಾನದಲ್ಲಿ ಪಿಪಿಪಿ (ಪಿಪಿಪಿಡಿ ಪಾಲಿಸುವ ಸಂಪರ್ಕ ನಿಯಮ) ಒಳಗೇ ಹೆಸರು, ಪಾಸ್‌ವರ್ಡ್‌ಗಳನ್ನು ಪರೀಕ್ಷಿಸುವಂತೆ ಬದಲಾಗಿದ್ದರೆ ಮಾತ್ರ ಲಾಗಿನ್, ಪಾಸ್‌ವರ್ಡ್‌ಗಳ ಈ ಜೋಡಿಗಳನ್ನು ತೆಗೆಯಬೇಕಾಗುತ್ತದೆ. ಅದನ್ನು ಕಣ್ಣಾರೆ ನೋಡಬಹುದು. ಮೋಡೆಮ್‌ಗೆ ನೇರವಾಗಿ ಆಜ್ಞೆ ಕೊಡಲು ಬಳಸುವ ಮಿನಿಕಾಮ್ ಎಂಬ ಪ್ರೋಗ್ರಾಂ‌ನಲ್ಲಿ ಕೈಯಿಂದಲೇ ಡಯಲ್ ಮಾಡಿ. ‘ಕನೆಕ್ಟ್’ ಆದ ಮೇಲೆ ಪ್ರಶ್ನೆಯ ಬದಲು ಅಲೆಯಾಕಾರದ ಗೆರೆ, ಪುಷ್ಪಾವರಣ ಚಿಹ್ನೆಗಳು ತುಂಬಿದ ಅರ್ಥವಿಲ್ಲದ ಸಾಲು ಮತ್ತೆ ಮತ್ತೆ ಬಂದರೆ ಆಚೆ ಪಿಪಿಪಿ ಆಗಲೇ ಶುರುವಾಗಿದೆ ಎಂದರ್ಥ. ಆಗ ಸ್ಕ್ರಿಪ್ಟ್ ‘ಕನೆಕ್ಟ್’ ಪದಕ್ಕೇ ಮುಗಿಯಬೇಕು. ಪ್ರಶ್ನೆ ಹಿಂದಿನಂತೆಯೇ ಬಂದರೆ, ತಲೆಯಿಲ್ಲದ ಆ ಎರಡು ಪದಗಳನ್ನು ಇದ್ದಲ್ಲಿಯೇ ಇರಗೊಡಿ.