ಪದ ಪರಿಚಯ: ಇನ್ಸೆಂಟಿವ್ ಕಾಂಪೆನ್ಸೇಷನ್ ಬ್ಯಾನ್

ಅಮೆರಿಕದಲ್ಲಿ ಕೆರಿಯರ್ ಕಾಲೇಜು ಅಂದರೆ ನೇರವಾಗಿ ಒಂದು ಕಸುಬಿಗೆ ತಯಾರು ಮಾಡುವ ಕಾಲೇಜು. ಮೆಡಿಕಲ್ ಅಸಿಸ್ಟೆಂಟ್, ವೆಲ್ಡಿಂಗ್, ಎಸಿ ರಿಪೇರಿ, ಬ್ಯೂಟಿಷಿಯನ್, ಇಂಥ ಕೋರ್ಸುಗಳು ಅಲ್ಲಿ ಜಾಸ್ತಿ. ಇವುಗಳಲ್ಲಿ ಬಹಳಷ್ಟು ಲಾಭಕ್ಕಾಗಿಯೇ ನಡೆಯುವ ಕಂಪನಿಗಳು. ವಿಚಾರಿಸಲು ಫೋನ್ ಮಾಡಿದರೆ ಮೊದಲು ಮಾತಾಡುವವರು ಅಡ್ಮಿಷನ್ಸ್ ರೆಪ್‌ಗಳು, ಅಂದರೆ ವಿದ್ಯಾರ್ಥಿಗಳನ್ನು ಸೇರಿಸುವ ಕೆಲಸದ ನೌಕರರು. ಒಬ್ಬರನ್ನು ಸೇರಿಸಿದರೆ ಇಷ್ಟು ಅಂತ ಇವರಿಗೆ ಕಮಿಷನ್ ಕೊಡುವ ಹಾಗಿಲ್ಲ. ಬೋನಸ್ಸೂ ಇಲ್ಲ. ಈ ನಿಷೇಧವೇ ಇನ್ಸೆಂಟಿವ್ ಕಾಂಪೆನ್ಸೇಷನ್ ಬ್ಯಾನ್.

ಖಾಸಗಿ ಕಂಪನಿ ತನ್ನ ನೌಕರರಿಗೆ ಹೇಗೆ ಸಂಬಳ ಕೊಟ್ಟರೆ ಸರ್ಕಾರಕ್ಕೇನು? ಸಂಬಂಧ ಇದೆ. ಇಲ್ಲಿನ ಫೀಸಿನ ದೊಡ್ಡ ಪಾಲು ಬರುವುದು ಪೆಲ್ ಗ್ರಾಂಟ್ (ಬಡ ವಿದ್ಯಾರ್ಥಿಗಳಿಗೆ ಸರ್ಕಾರ ಕೊಡುವ, ತೀರಿಸಬೇಕಿಲ್ಲದ ಹಣ) ಮತ್ತು ಕೇಂದ್ರ ಸರ್ಕಾರದ ಸಾಲದಿಂದ. 1965ರ ಉನ್ನತ ಶಿಕ್ಷಣ ಕಾಯ್ದೆಯ ಅಡಿಯಲ್ಲಿ ಸಿಗುವ ನೆರವು ಇದು. ವಿದ್ಯಾರ್ಥಿ ಕೋರ್ಸನ್ನು ಅರ್ಧಕ್ಕೆ ಬಿಟ್ಟರೂ ಸಾಲ ಅವನ ತಲೆ ಮೇಲೆ ಉಳಿಯುತ್ತದೆ. ಕಮಿಷನ್ ಪದ್ಧತಿ ಇದ್ದರೆ, ಸೇರಿಸಿದವನಿಗೆ ಮಾತ್ರ ಅವನ ಪಾಲು ಆಗಲೇ ಸಿಕ್ಕಿರುತ್ತದೆ. ಅದಕ್ಕೇ 1992ರಲ್ಲಿ ಅಮೆರಿಕದ ಸಂಸತ್ತು ಈ ನಿಷೇಧ ತಂದಿತು. ಸರ್ಕಾರಿ ನೆರವು ಪಡೆಯುವ ಎಲ್ಲ ಕಾಲೇಜುಗಳಿಗೂ ಇದು ಅನ್ವಯ.

ಹತ್ತು ವರ್ಷ ಕಳೆಯುವಷ್ಟರಲ್ಲಿ ನಿಯಮ ಸಡಿಲವಾಯಿತು. 2002ರಲ್ಲಿ ಶಿಕ್ಷಣ ಇಲಾಖೆ 12 ವಿನಾಯಿತಿಗಳನ್ನು ಕೊಟ್ಟಿತು. ಅದರಲ್ಲಿ ಒಂದರ ಪ್ರಕಾರ, ಸಂಬಳ ಏರಿಳಿತ 'ಕೇವಲ' ಅಡ್ಮಿಷನ್ ಸಂಖ್ಯೆ ನೋಡಿ ಆಗದಿದ್ದರೆ ಸಾಕು. ಆ 'ಕೇವಲ' ಎಂಬ ಸಂದಿಯಲ್ಲಿ ಎಷ್ಟನ್ನು ಬೇಕಾದರೂ ತೂರಿಸಬಹುದಲ್ವಾ? ಯೂನಿವರ್ಸಿಟಿ ಆಫ್ ಫೀನಿಕ್ಸ್ ಅಡ್ಮಿಷನ್ ಸಂಖ್ಯೆ ನೋಡಿ ಸಂಬಳ ಕೊಡುತ್ತಿದೆ ಎಂದು ಅಲ್ಲಿನ ಇಬ್ಬರು ಎನ್‌ರೋಲ್‌ಮೆಂಟ್ ಕೌನ್ಸೆಲರ್‌ಗಳೇ ಕೋರ್ಟಿಗೆ ಹೋದರು. ಅದರ ಮಾತೃಸಂಸ್ಥೆ ಆರೋಪ ಒಪ್ಪಿಕೊಳ್ಳದೆ, 2009ರಲ್ಲಿ 6.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. 2010ರಲ್ಲಿ ಇಲಾಖೆ ಆ 12 ವಿನಾಯಿತಿಗಳನ್ನೂ ತೆಗೆದುಹಾಕಿತು. 2011ರ ಜುಲೈ 1ರಿಂದ ಹೊಸ ನಿಯಮ ಜಾರಿಗೆ ಬಂತು.

ಸಂಬಳದ ನಿಯಮದ ಜೊತೆಗೇ ಬರುವುದು ಮಾತಿನ ನಿಯಮ. ರೆಪ್‌ಗಳಿಗೆ ಕೊಡುವ ಕಂಪ್ಲಯನ್ಸ್ (ನಿಯಮ ಪಾಲನೆ) ತರಬೇತಿಯಲ್ಲಿ ಹೆಚ್ಚಿನದು ಇದೇ. ಕೆಲಸ ಗ್ಯಾರಂಟಿ ಅನ್ನಬಾರದು. ಸಂಬಳ ಉಬ್ಬಿಸಿ ಹೇಳಬಾರದು. ಇಲ್ಲಿ ಓದಿ ಗಳಿಸಿದ ಕ್ರೆಡಿಟ್ ಬೇರೆ ಕಾಲೇಜಿನಲ್ಲೂ ನಡೆಯುತ್ತೆ ಅಂತ ಸುಮ್ನೆ ಭರವಸೆ ಕೊಡಬಾರದು. ಬೇಕಂತಲೇ ಹೇಳಿದ ಸುಳ್ಳು ಮಾತ್ರ ಅಲ್ಲ, ದಾರಿ ತಪ್ಪಿಸುವ ಅಥವಾ ತಪ್ಪಾದ ಮಾಹಿತಿಯೂ ಉಲ್ಲಂಘನೆಯೇ. ರಾಜ್ಯಗಳ ನಿಯಮಗಳು ಬೇರೆ ಇವೆ. ಕ್ಯಾಲಿಫೋರ್ನಿಯಾದಲ್ಲಿ ಸೇರುವ ಮುಂಚೆಯೇ ಕೋರ್ಸ್ ಮುಗಿಸಿದವರೆಷ್ಟು, ಕೆಲಸ ಸಿಕ್ಕಿದವರೆಷ್ಟು ಎಂಬ ಅಂಕಿಅಂಶದ ಹಾಳೆ ಕೊಡಬೇಕು. ನ್ಯೂಯಾರ್ಕಿನಲ್ಲಿ ವೃತ್ತಿ ಶಾಲೆಗಳ ಏಜೆಂಟರಿಗೆ ಸರ್ಟಿಫಿಕೇಟೇ ಬೇಕು.

ಇದೆಲ್ಲ ಅತಿಯಾಯಿತು ಅನ್ನಿಸಿದರೆ 2010ರ ತನಿಖೆ ನೋಡಬೇಕು. ಅಮೆರಿಕದ ಲೆಕ್ಕಪತ್ರ ಕಚೇರಿಯವರು ವಿದ್ಯಾರ್ಥಿಗಳ ವೇಷದಲ್ಲಿ ಲಾಭಕ್ಕಾಗಿ ನಡೆಯುವ 15 ಕಾಲೇಜುಗಳಿಗೆ ಹೋದರು. ಹದಿನೈದರಲ್ಲೂ ಮೋಸದ ಅಥವಾ ಅನುಮಾನದ ಮಾತು ಕೇಳಿಬಂತು. ಒಂದು ಕಡೆ ಕ್ಷೌರಿಕರು ವರ್ಷಕ್ಕೆ ಒಂದೂವರೆಯಿಂದ ಎರಡೂವರೆ ಲಕ್ಷ ಡಾಲರ್ ದುಡಿಯಬಹುದು ಅಂದಿದ್ದರು!

ತರಬೇತಿ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ನಾನು ನಂಬುವುದಿಲ್ಲ. ಲಾಭಕ್ಕಾಗಿ ನಡೆಯುವ ಕಾಲೇಜುಗಳ ಬಗ್ಗೆ 2012ರಲ್ಲಿ ಬಂದ ಅಮೆರಿಕದ ಸೆನೆಟ್ ವರದಿಯಲ್ಲಿ, ಅಂಥದ್ದೇ ಒಂದು ಕಾಲೇಜು ಸರಣಿಯಾಗಿದ್ದ ಐಟಿಟಿ ಟೆಕ್‌ನ ಒಂದು ತರಬೇತಿ ಹಾಳೆ ಇದೆ. ಅದರ ಹೆಸರು 'ಪೇನ್ ಫನಲ್'. ಎದುರಿಗಿರುವವರ ನೋವನ್ನು ಪ್ರಶ್ನೆ ಕೇಳುತ್ತಾ ಕೇಳುತ್ತಾ ಕೆದಕುವ ವಿಧಾನ ಅದು. ಕೆಲಸ ಕಳೆದುಕೊಂಡು, ಮನೆ ನಡೆಸಲಾಗದೆ ಬಂದವರ ಮೇಲೆ ಇದನ್ನು ಬಳಸಿದರೆ ಹೇಗಿರುತ್ತದೆ ಯೋಚಿಸಿ. ಇದನ್ನೂ ತರಬೇತಿ ಅಂತಲೇ ಕರೆದರು. ಅದೇ ವರದಿ ಹೇಳುವಂತೆ, ಪರಿಶೀಲಿಸಿದ ಕಂಪನಿಗಳಲ್ಲಿ ಒಟ್ಟು 35,202 ಜನ ವಿದ್ಯಾರ್ಥಿಗಳನ್ನು ಸೇರಿಸುವ ಕೆಲಸದಲ್ಲಿದ್ದರು. ಕೆಲಸ ಹುಡುಕಿಕೊಡಲು ಇದ್ದವರು 3,512. ತಿಂಗಳ ಟಾರ್ಗೆಟ್ ತಲೆ ಮೇಲಿದ್ದರೆ ಎಷ್ಟು ಒಳ್ಳೆಯ ಪಾಠವೂ ಮರೆತುಹೋಗುತ್ತದೆ. ಆದ್ದರಿಂದ ಸಂಬಳದ ನಿಯಮವೇ ಬುನಾದಿ, ಮಿಕ್ಕಿದ್ದು ಅದರ ಮೇಲೆ ನಿಲ್ಲಬೇಕು.

ಈ ನಿಷೇಧಕ್ಕೆ ಕಾಯ್ದೆಯಲ್ಲೇ ಒಂದು ವಿನಾಯಿತಿ ಇದೆ, ಅದು ನಮ್ಮ ಮಕ್ಕಳಿಗೆ ಸಂಬಂಧಿಸಿದ್ದು. ಹೊರದೇಶದಲ್ಲಿರುವ, ಅಮೆರಿಕದ ಸರ್ಕಾರಿ ನೆರವಿಗೆ ಅರ್ಹರಲ್ಲದ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿದರೆ ಕಮಿಷನ್ ಕೊಡಬಹುದು. ಬೆಂಗಳೂರಿನ ಒಬ್ಬ ಕನ್ಸಲ್ಟೆಂಟ್ ಅಮೆರಿಕದ ಕಾಲೇಜಿನಿಂದ ತಲೆಗಿಷ್ಟು ಅಂತ ಹಣ ಪಡೆದರೆ ಆ ಕಾಯ್ದೆಯ ಪ್ರಕಾರ ತಪ್ಪಿಲ್ಲ. ಅಲ್ಲಿನ ಕಾನೂನು ಕಾಯುವುದು ಅಲ್ಲಿನ ತೆರಿಗೆ ಹಣವನ್ನು, ನಮ್ಮ ಅಪ್ಪ ಅಮ್ಮ ಮನೆ ಅಡವಿಟ್ಟು ತಂದ ಹಣವನ್ನಲ್ಲ. ಹಾಗಾಗಿ ಯಾವುದೇ ಕನ್ಸಲ್ಟೆಂಟ್ ಒಂದು ಕಾಲೇಜನ್ನೇ ಒತ್ತಿ ಹೇಳಿದರೆ, ಅಲ್ಲಿಂದ ಅವರಿಗೆ ಎಷ್ಟು ಬರುತ್ತದೆ ಅಂತ ನೇರವಾಗಿ ಕೇಳಿ. ಸಂಕೋಚ ಬೇಡ. ಉತ್ತರ ಬರಹದಲ್ಲಿ ಸಿಕ್ಕ ಮೇಲೆಯೇ ಅಡ್ವಾನ್ಸ್ ಕಟ್ಟಿ.