ಸ್ಟೀವ್ ಅಲ್ಬಿನಿ: ಕೋಣೆಯ ಸದ್ದನ್ನೂ ಹಿಡಿದ ಎಂಜಿನಿಯರ್

2024ರ ಮೇ 7ರಂದು ಅಮೆರಿಕದ ರೆಕಾರ್ಡಿಂಗ್ ಎಂಜಿನಿಯರ್ ಸ್ಟೀವ್ ಅಲ್ಬಿನಿ ಶಿಕಾಗೋದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಬರೀ 61 ವರ್ಷ. ಅವರ ಬ್ಯಾಂಡ್ ಶೆಲ್ಯಾಕ್‌ನ ಹೊಸ ಆಲ್ಬಮ್ ಬರೋಕೆ ಇನ್ನು ಹತ್ತು ದಿನ ಬಾಕಿ ಇತ್ತು. ವಿಜಯಪುರದಲ್ಲಿ ಜಾತ್ರೆ, ಭಜನೆಗಳಿಗೆ ಸೌಂಡ್ ಹಾಕುತ್ತಾ ರೆಕಾರ್ಡಿಂಗ್ ಕಲಿಯುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಅವರ ಪಂಕ್, ಅಂದರೆ ಒರಟು ಗದ್ದಲದ ರಾಕ್ ಸಂಗೀತ, ಇಷ್ಟ ಇಲ್ಲದವರೂ ಓದಿ. ಮೈಕ್ ಎಲ್ಲಿಡಬೇಕು, ದುಡ್ಡು ಎಷ್ಟು ಕೇಳಬೇಕು, ಎರಡಕ್ಕೂ ಅವರ ಉತ್ತರ ಒಂದೇ: ಸಂಗೀತ ನುಡಿಸುವವರದ್ದು, ಎಂಜಿನಿಯರ್‌ದಲ್ಲ.

ಹುಟ್ಟಿದ್ದು 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಬೆಳೆದದ್ದು ಮೊಂಟಾನಾದ ಮಿಸೂಲಾದಲ್ಲಿ. ಓದಿದ್ದು ಪತ್ರಿಕೋದ್ಯಮ. ಎಂಬತ್ತರ ದಶಕದಲ್ಲಿ ಬಿಗ್ ಬ್ಲ್ಯಾಕ್ ಬ್ಯಾಂಡ್ ಕಟ್ಟಿದರು. ಅದರಲ್ಲಿ ಡ್ರಮ್ಮರ್ ಇರಲಿಲ್ಲ, ರೋಲ್ಯಾಂಡ್ ಡ್ರಮ್ ಮಷೀನ್ ಇತ್ತು. ಆಗಿನ ಅವರ ಕೆಲವು ಮಾತುಗಳು ಜನರನ್ನು ನೋಯಿಸುವಂಥವು. ಮುಂದೆ ಅದು ತಪ್ಪು ಎಂದು ಅವರೇ ಬಹಿರಂಗವಾಗಿ ಒಪ್ಪಿಕೊಂಡರು. ಈ ಕಾರಣಕ್ಕೂ ನನಗೆ ಅವರ ಮೇಲೆ ಗೌರವ ಜಾಸ್ತಿ.

ಈಗ ಮೈಕ್ ವಿಷಯ. ಡ್ರಮ್‌ಗೆ ಹತ್ತಿರ ಮೈಕ್ ಇಟ್ಟರೆ ಪೆಟ್ಟು ಸಿಗುತ್ತದೆ, ಕೋಣೆ ಸಿಗುವುದಿಲ್ಲ. ಅಲ್ಬಿನಿ ಹತ್ತಿರವೂ ಇಡುತ್ತಿದ್ದರು, ದೂರದಲ್ಲೂ ಇಡುತ್ತಿದ್ದರು. ದೂರದ ಮೈಕ್‌ಗಳನ್ನು ಎಷ್ಟೋ ಸಲ ನೆಲದ ಮೇಲೇ ಮಲಗಿಸುತ್ತಿದ್ದರು. ಸ್ಟ್ಯಾಂಡ್ ಮೇಲಿನ ಮೈಕ್‌ಗೆ ನೇರ ಸದ್ದು ಒಮ್ಮೆ, ನೆಲಕ್ಕೆ ಬಡಿದು ಬಂದ ಸದ್ದು ಸ್ವಲ್ಪ ತಡವಾಗಿ ಇನ್ನೊಮ್ಮೆ ತಲುಪುತ್ತದೆ. ಎರಡೂ ಸೇರಿದಾಗ ಕೆಲವು ಸ್ವರಗಳು ಕುಗ್ಗುತ್ತವೆ. ಮೈಕ್ ನೆಲಕ್ಕೇ ಅಂಟಿಕೊಂಡಿದ್ದರೆ ಈ ತಡ ಇರುವುದಿಲ್ಲ. ಆಮೇಲೆ ಆ ದೂರದ ಮೈಕ್‌ಗಳ ಸದ್ದನ್ನು ಕೆಲವು ಮಿಲಿಸೆಕೆಂಡ್ ತಡವಾಗಿಸುತ್ತಿದ್ದರು. ಆಗ ಕೋಣೆ ಇನ್ನೂ ದೊಡ್ಡದಿದೆ ಅನಿಸುತ್ತದೆ.

ಯಾಕೆ ಹಾಗೆ ಅನಿಸುತ್ತದೆ? ಲೆಕ್ಕ ಹಾಕಿ ನೋಡಿ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. 20 ಮಿಲಿಸೆಕೆಂಡ್ ತಡ ಅಂದರೆ ಹತ್ತಿರ ಹತ್ತಿರ 7 ಮೀಟರ್ ದೂರ. ಇಷ್ಟು ಚಿಕ್ಕ ತಡವನ್ನು ಕಿವಿ ಬೇರೆ ಸದ್ದು ಎಂದು ಎಣಿಸುವುದಿಲ್ಲ, ಕೋಣೆ ಎಂದುಕೊಳ್ಳುತ್ತದೆ. ನಮ್ಮ ಗೋಳಗುಮ್ಮಟದ ಗುಮ್ಮಟ ಒಳಗೆ ಸುಮಾರು 38 ಮೀಟರ್ ಅಗಲ. ಪಿಸುಗುಟ್ಟುವ ಗ್ಯಾಲರಿಯಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಎದುರು ಗೋಡೆಗೆ ಹೋಗಲು ಸುಮಾರು 110 ಮಿಲಿಸೆಕೆಂಡ್, ಮರಳಿ ಬರಲು ಮತ್ತೆ ಅಷ್ಟೇ. ಅದಕ್ಕೇ ಅಲ್ಲಿ ಚಪ್ಪಾಳೆ ಬೇರೆಬೇರೆಯಾಗಿ ಕೇಳಿಸುತ್ತದೆ. ಕೋಣೆಗೂ ಪ್ರತಿಧ್ವನಿಗೂ ಇರುವ ಗೆರೆ ಇದೇ. ಈ ಪಾಠವನ್ನು ಗ್ಯಾಲರಿಗೆ ಹತ್ತಿ ಕಿವಿಯಾರೆ ಕೇಳಬಹುದು, ಅದು ನಮ್ಮೂರಿನವರ ಭಾಗ್ಯ.

ಕರಡಿ ಮಜಲು ರೆಕಾರ್ಡ್ ಮಾಡುವಾಗ ಇದನ್ನು ಮಾಡಿ ನೋಡಿ. ಕರಡಿ ವಾದ್ಯದ ಎರಡೂ ಮುಖಕ್ಕೆ ಒಂದೊಂದು ಮೈಕ್ ಇಡಿ. ಆಮೇಲೆ ಕಲಾವಿದರು ನುಡಿಸುತ್ತಿರುವಾಗಲೇ ಸುತ್ತ ಓಡಾಡಿ. ಕರಡಿ, ಶಹನಾಯಿ, ತಾಳ ಮೂರೂ ಹದವಾಗಿ ಕೇಳುವ ಜಾಗದಲ್ಲಿ ನೆಲಕ್ಕೆ ಎರಡು ಮೈಕ್ ಮಲಗಿಸಿ. ಎಲ್ಲವನ್ನೂ ಮೋನೋದಲ್ಲಿ, ಅಂದರೆ ಒಂದೇ ಚಾನೆಲ್‌ನಲ್ಲಿ, ಸೇರಿಸಿ ಕೇಳಿ. ಕರಡಿಯ ಗುಡುಗು ತೆಳುವಾದರೆ ಒಂದು ಮೈಕ್‌ನ ಫೇಸ್ (ಸದ್ದಿನ ಅಲೆಯ ಏರು-ಇಳಿವು) ತಿರುಗುಮುರುಗು ಮಾಡಿ. ಈಕ್ಯೂ (ದಪ್ಪ-ತೆಳು ಸದ್ದನ್ನು ಹೆಚ್ಚು-ಕಡಿಮೆ ಮಾಡುವ ಗುಂಡಿಗಳು) ಮುಟ್ಟುವುದಕ್ಕಿಂತ ಮೊದಲು ಮೈಕ್ ಸರಿಸಿ. ನುಡಿಸುವವರಿಗೆ ಹೀಗೆ ಬಾರಿಸಿ ಎಂದು ಹೇಳುವ ಅಧಿಕಾರ ನಮಗಿಲ್ಲ.

ಇದೇ ಮಾತನ್ನು ಅಲ್ಬಿನಿ ದುಡ್ಡಿನಲ್ಲೂ ನಡೆಸಿದರು. 1993ರಲ್ಲಿ ನಿರ್ವಾಣ ಬ್ಯಾಂಡಿನ ‘ಇನ್ ಯೂಟೆರೊ’ ರೆಕಾರ್ಡ್ ಮಾಡುವ ಮೊದಲು ಬ್ಯಾಂಡಿಗೆ ಪತ್ರ ಬರೆದರು: ನನಗೆ ರಾಯಲ್ಟಿ ಬೇಡ, ಪ್ಲಂಬರ್‌ಗೆ ಕೊಡುವ ಹಾಗೆ ಕೆಲಸಕ್ಕೆ ಕೂಲಿ ಕೊಡಿ. 1 ಲಕ್ಷ ಡಾಲರ್ ತೆಗೆದುಕೊಂಡರು, ಮುಗಿಯಿತು. ಆಲ್ಬಮ್ ಲಕ್ಷಗಟ್ಟಲೆ ಮಾರಾಟವಾದರೂ ಮತ್ತೆ ಪಾಲು ಕೇಳಲಿಲ್ಲ. ಅದೇ ವರ್ಷ ಒಂದು ಲೇಖನದಲ್ಲಿ ಕಾಲ್ಪನಿಕ ಬ್ಯಾಂಡೊಂದರ ಖರ್ಚು-ವೆಚ್ಚ ಸಾಲುಸಾಲಾಗಿ ಬರೆದು ತೋರಿಸಿದರು. 2,50,000 ಪ್ರತಿ ಮಾರಿದ ಮೇಲೂ ಒಬ್ಬೊಬ್ಬ ಸದಸ್ಯನ ಕೈಗೆ ಬಂದದ್ದು ಸುಮಾರು 4,031 ಡಾಲರ್. ಲೇಬಲ್‌ಗೆ (ರೆಕಾರ್ಡ್ ಕಂಪನಿಗೆ) ಮಾತ್ರ ಲಕ್ಷಗಟ್ಟಲೆ ಲಾಭ.

1997ರಲ್ಲಿ ಶಿಕಾಗೋದಲ್ಲಿ ಎಲೆಕ್ಟ್ರಿಕಲ್ ಆಡಿಯೊ ಸ್ಟುಡಿಯೊ ಶುರು ಮಾಡಿದರು. ಅದರ ಗೋಡೆಗಳಿಗೆ ಬಳಸಿದ್ದು ಸುಡದ ಮಣ್ಣಿನ ಇಟ್ಟಿಗೆ. ಹೆಸರೇ ಕೇಳದ ಬ್ಯಾಂಡ್‌ಗಳೂ ನೇರ ಫೋನ್ ಮಾಡಿ, ಅಲ್ಲಿ ಅವರ ಕೈಯಲ್ಲೇ ರೆಕಾರ್ಡ್ ಮಾಡಿಸಿಕೊಳ್ಳಬಹುದಿತ್ತು.